ಕಂಟ್ರಿ ಹಾಡಿನ ಚಾರ್ಟ್ ಓದುವುದು ಹೇಗೆ?

ಒಂದು ಹಾಡು ‘ನಂಬರ್ ಒನ್’ ಆಯಿತು ಅಂತ ಓದಿದ ಕೂಡಲೇ ಕೇಳಬೇಕಾದ್ದು ಒಂದೇ: ಯಾವ ಪಟ್ಟಿಯಲ್ಲಿ, ಅಂದರೆ ಯಾವ ಚಾರ್ಟ್‌ನಲ್ಲಿ? ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಬೆಳೆದ ಸಂಗೀತ. ಅದರ ಹೆಸರಾಂತ ಗಾಯಕಿ ಡಾಲಿ ಪಾರ್ಟನ್ ಅವರ ‘ಜೋಲೀನ್’ ಹಾಡನ್ನು ಇಟ್ಟುಕೊಂಡು ನೋಡೋಣ. ನನ್ನ ಗಂಡನನ್ನು ಕಸಿದುಕೊಳ್ಳಬೇಡ ಎಂದು ಒಬ್ಬ ಹೆಂಗಸು ಇನ್ನೊಬ್ಬಳನ್ನು ಬೇಡಿಕೊಳ್ಳುವ ಹಾಡು ಅದು. ಮೂರು ನಿಮಿಷವೂ ಇಲ್ಲ, ಆದರೆ ಕೇಳಿದಾಗಲೆಲ್ಲ ನನಗೆ ಎದೆ ಹಿಂಡುತ್ತದೆ.

ಹಂತ 1: ತಾರೀಖು ನೋಡಿ. ಸಿಂಗಲ್ (ಬಿಡಿಯಾಗಿ ಹೊರಬಂದ ಹಾಡು) ಬಿಡುಗಡೆಯಾಗಿದ್ದು 1973ರ ಅಕ್ಟೋಬರ್‌ನಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯ ತುದಿ ಮುಟ್ಟಿದ್ದು 1974ರ ಫೆಬ್ರುವರಿಯಲ್ಲಿ. ಮೂರು ತಿಂಗಳಿಗೂ ಜಾಸ್ತಿ ಹತ್ತಬೇಕಾಯಿತು.

ಹಂತ 2: ಪಟ್ಟಿಯ ಹೆಸರು ನೋಡಿ. ಕಂಟ್ರಿ ಪಟ್ಟಿಯಲ್ಲಿ 1ನೇ ಸ್ಥಾನ ಪಡೆದ ಇದೇ ಹಾಡು, ಬಿಲ್‌ಬೋರ್ಡ್‌ನದೇ ಹಾಟ್ 100 ಪಟ್ಟಿಯಲ್ಲಿ 60ಕ್ಕೆ ನಿಂತಿತು. ಹಾಟ್ 100ರಲ್ಲಿ ಪಾಪ್, ರಾಕ್, ಸೋಲ್ ಎಲ್ಲವೂ ಒಟ್ಟಿಗೆ ಓಡುತ್ತವೆ, ಅದಕ್ಕೇ ಇಷ್ಟು ಅಂತರ.

ಹಂತ 3: ದೇಶ ನೋಡಿ. ಬ್ರಿಟನ್‌ನಲ್ಲಿ ಅದು 7ನೇ ಸ್ಥಾನಕ್ಕೆ ಬಂದದ್ದು 1976ರಲ್ಲಿ.

ಹಂತ 4: ಲೆಕ್ಕ ಹಾಕಿದ್ದು ಹೇಗೆ? ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. 1990ರಿಂದ 2012ರವರೆಗೆ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಗೆ ರೇಡಿಯೊ ಮಾತ್ರ ಲೆಕ್ಕ. ಕಂಟ್ರಿ ಸ್ಟೇಷನ್‌ಗಳಲ್ಲಿ ಆದ ಪ್ರಸಾರ ಅಷ್ಟೇ. 2012ರ ಅಕ್ಟೋಬರ್‌ನಿಂದ ‘ಹಾಟ್ ಕಂಟ್ರಿ ಸಾಂಗ್ಸ್’ ಪಟ್ಟಿಗೆ ಮಾರಾಟ, ಸ್ಟ್ರೀಮಿಂಗ್, ಬೇರೆ ಬಗೆಯ ಸ್ಟೇಷನ್‌ಗಳ ಪ್ರಸಾರ ಎಲ್ಲವೂ ಸೇರಿತು. ಕಂಟ್ರಿ ರೇಡಿಯೊ ಲೆಕ್ಕಕ್ಕೆ ‘ಕಂಟ್ರಿ ಏರ್‌ಪ್ಲೇ’ ಅಂತ ಬೇರೆಯೇ ಪಟ್ಟಿ ಉಳಿಯಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ವಿಷಯ ತಿಳಿಯುತ್ತದೆ. 2024ರಲ್ಲಿ ಅಮೆರಿಕದ ಪಾಪ್ ಗಾಯಕಿ ಬಿಯಾನ್ಸೆ ಅವರ ‘ಟೆಕ್ಸಸ್ ಹೋಲ್ಡ್ ಎಮ್’ ಹಾಟ್ ಕಂಟ್ರಿ ಸಾಂಗ್ಸ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಕಪ್ಪು ಮಹಿಳೆಯೊಬ್ಬರು ಆ ಪಟ್ಟಿಯ ತುದಿಗೇರಿದ್ದು ಅದೇ ಮೊದಲು. ಕಂಟ್ರಿ ಏರ್‌ಪ್ಲೇಯಲ್ಲಿ ಮಾತ್ರ ಅದೇ ಹಾಡು 33ರಿಂದ ಮೇಲೆ ಹೋಗಲಿಲ್ಲ. ಕೇಳುಗರು ಬಾಗಿಲು ತೆಗೆದರು, ಕಂಟ್ರಿ ರೇಡಿಯೊ ಅಷ್ಟು ತೆಗೆಯಲಿಲ್ಲ. ಬರೀ ‘ನಂಬರ್ ಒನ್’ ಅಂತ ಬರೆದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಹಂತ 5: ಬರೆದಿಟ್ಟುಕೊಳ್ಳಿ. ಅಂಕಿ ಒಂದನ್ನೇ ಬರೆಯಬೇಡಿ. ಪಟ್ಟಿ, ದೇಶ, ವರ್ಷ ಜೊತೆಗಿರಲಿ. ನನ್ನ ನೋಟ್‌ಬುಕ್‌ನಲ್ಲಿ ಹೀಗಿದೆ:

ಜೋಲೀನ್ – ಅಮೆರಿಕ ಕಂಟ್ರಿ 1 (1974), ಅಮೆರಿಕ ಹಾಟ್ 100: 60 (1974), ಬ್ರಿಟನ್ 7 (1976).