ಕುಡಿತ ಬಿಡಿಸುವುದು ಹೇಗೆ: ಮೊದಲ ವಾರ ವೈದ್ಯರ ಕೈಯಲ್ಲಿ, ಆಮೇಲಿನ ವರ್ಷ ಮನೆಯಲ್ಲಿ

ವರ್ಷಗಟ್ಟಲೆ ದಿನಾ ಕುಡಿಯುತ್ತಿದ್ದವರು ಒಂದು ಬೆಳಗ್ಗೆ ದೇವರ ಮುಂದೆ ಆಣೆ ಮಾಡುತ್ತಾರೆ. ‘ಇವತ್ತಿಂದ ಒಂದು ಹನಿಯೂ ಮುಟ್ಟಲ್ಲ’ ಎನ್ನುತ್ತಾರೆ. ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಜಾಸ್ತಿ ಕುಡಿಯುವವರ ಮಟ್ಟಿಗೆ ಅತಿ ಅಪಾಯದ ದಿನಗಳು ಶುರುವಾಗುವುದೇ ಅವತ್ತಿನಿಂದ. ಇದು ಅವರನ್ನು ಹೆದರಿಸಲು ಹೇಳುವ ಮಾತಲ್ಲ. ಬಿಡಲೇಬೇಕು, ಆದರೆ ಬಿಡುವುದಕ್ಕೂ ಒಂದು ಕ್ರಮವಿದೆ.

ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನವೂ ಹೀಗಾದರೆ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗ ಹೆಚ್ಚಿಸಿಕೊಳ್ಳುತ್ತದೆ. ಮದ್ಯ ದಿಢೀರ್ ನಿಂತಾಗ ಉಳಿಯುವುದು ಆ ವೇಗ ಮಾತ್ರ. ಕೊನೆಯ ಬಾರಿ ಕುಡಿದ ಆರೆಂಟು ಗಂಟೆಗೇ ಕೈ ನಡುಗುತ್ತದೆ, ಬೆವರು ಬರುತ್ತದೆ, ಕಾಫಿ ಲೋಟ ಹಿಡಿದರೆ ಅರ್ಧ ಅಂಗಿಯ ಮೇಲೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ. ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕುತ್ತಾರೆ, ಹೆಂಡತಿ ಮಕ್ಕಳ ಗುರುತು ತಪ್ಪುತ್ತದೆ, ಎದ್ದು ಓಡಲು ನೋಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಪ್ರಾಣ ಹೋಗುವುದೂ ಉಂಟು.

ಅಯ್ಯಪ್ಪ ಮಾಲೆ ಹಾಕಿದ ಮೂರನೇ ದಿನ ‘ಗಾಳಿ ಸೋಕಿದೆ’ ಎಂದು ಮಂತ್ರ ಹಾಕಿಸಲು ಕರೆದೊಯ್ಯುವುದು, ಕಾಲು ಮುರಿದು ಆಸ್ಪತ್ರೆ ಸೇರಿದವರು ಆಪರೇಷನ್ ಆದ ಮೇಲೆ ಡ್ರಿಪ್ ಕಿತ್ತೆಸೆಯುವುದು, ಇವೆಲ್ಲದರ ಹಿಂದೆ ಎಷ್ಟೋ ಸಲ ಇರುವುದು ಇದೇ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ರಾಜ್ಯದ ಮದ್ಯದಂಗಡಿಗಳು ಮುಚ್ಚಿದವು. ಮತ್ತೆ ತೆರೆದದ್ದು ಮೇ 4ರಂದು. ಆ ದಿನಗಳಲ್ಲಿ ಹೀಗೆ ಫಿಟ್ಸ್, ಭ್ರಮೆ ಎಂದು ಆಸ್ಪತ್ರೆಗೆ ಬಂದವರು ಹಲವರು. ಬಿಡುವ ಮನಸ್ಸು ಮಾಡುವ ಮೊದಲೇ ಅವರಿಗೆ ಸಿಗುವುದು ನಿಂತುಹೋಗಿತ್ತು.

ಮೊದಲು ಲೆಕ್ಕ ಬರೆದುಕೊಳ್ಳಿ

ವೈದ್ಯರ ಬಳಿ ಹೋಗುವ ಮುಂಚೆ ಒಂದು ಚೀಟಿ ತಯಾರು ಮಾಡಿ. ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು, ದಿನದ ಮೊದಲ ಪೆಗ್ ಎಷ್ಟು ಹೊತ್ತಿಗೆ, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಏನಾಯಿತು, ಫಿಟ್ಸ್ ಬಂದಿತ್ತಾ, ನಿದ್ರೆ ಮಾತ್ರೆ ನುಂಗುತ್ತಾರಾ, ಕಾಮಾಲೆ, ಸಕ್ಕರೆ ಕಾಯಿಲೆ, ಬಿ.ಪಿ. ಇದೆಯಾ. ‘ಸ್ವಲ್ಪ ತಗೋತಾರೆ ಡಾಕ್ಟ್ರೇ’ ಎಂದರೆ ಪ್ರಯೋಜನವಿಲ್ಲ. 180 ಎಂ.ಎಲ್. ಕ್ವಾರ್ಟರ್ ಎಂದರೆ 30 ಎಂ.ಎಲ್.ನ ಆರು ಪೆಗ್. ಒಂದು ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಔಷಧದ ಪ್ರಮಾಣ ನಿಗದಿ ಮಾಡಲು ವೈದ್ಯರಿಗೆ ಈ ಲೆಕ್ಕ ಬೇಕು. ಬೆಳಗ್ಗೆ ಕೈ ನಡುಕ ನಿಲ್ಲಿಸಲು 90 ಹಾಕಲೇಬೇಕು ಎನ್ನುವ ಸ್ಥಿತಿ ಇದ್ದರೆ ಅದನ್ನು ತಪ್ಪದೆ ಹೇಳಿ. ಬೇರೆ ಯಾವುದೋ ಆಪರೇಷನ್‌ಗೆ ಸೇರಿಸುವಾಗಲೂ ಮರ್ಯಾದೆಗೆ ಅಂಜಿ ಕುಡಿತ ಮುಚ್ಚಿಡಬೇಡಿ.

ಕುಡಿದಿರುವಾಗ ಚಿಕಿತ್ಸೆಯ ಮಾತು ಎತ್ತುವುದು ಬೇಡ. ಬೆಳಗ್ಗೆ, ಮಕ್ಕಳು ಇಲ್ಲದ ಹೊತ್ತಲ್ಲಿ, ಅವರು ಯಾರ ಮಾತನ್ನು ಸ್ವಲ್ಪವಾದರೂ ಕೇಳುತ್ತಾರೋ ಅವರಿಂದ ಹೇಳಿಸಿ. ಅಕ್ಕನೋ, ಸೋದರಮಾವನೋ ಇರಬಹುದು. ‘ಮನೆ ಹಾಳು ಮಾಡಿದೆ’ ಎನ್ನುವ ಹಳೇ ಕತೆ ಅವತ್ತು ಬೇಡ. ‘ನಾಳೆ ಒಂದು ಸಲ ಡಾಕ್ಟ್ರನ್ನ ನೋಡಿ ಬರೋಣ, ನಾನೂ ಬರ್ತೀನಿ’ ಅಂದರೆ ಸಾಕು.

ಎಲ್ಲಿಗೆ ಹೋಗಬೇಕು?

ದುಡ್ಡಿಲ್ಲ ಎಂದು ಕೂರಬೇಕಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂದು ಒಮ್ಮೆ ಕೇಳಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗುವುದೆಂದೇ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಡಿಟಾಕ್ಸ್ ಎಂದರೆ ಏನು ಮಾಡುತ್ತಾರೆ?

ಸಾಮಾನ್ಯವಾಗಿ ಐದರಿಂದ ಹತ್ತು ದಿನದ ಕೆಲಸ. ಮದ್ಯದ ಜಾಗದಲ್ಲಿ ಮಿದುಳನ್ನು ಶಾಂತವಾಗಿಡುವ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಅಥವಾ ಲಿವರ್ ಕೆಟ್ಟಿದ್ದರೆ ಲೋರಾಜೆಪಾಮ್ ಕೊಡುತ್ತಾರೆ. ಮೊದಲು ಪ್ರಮಾಣ ಜಾಸ್ತಿ, ಆಮೇಲೆ ದಿನದಿಂದ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಹಿಂದೆ ಫಿಟ್ಸ್ ಬಂದಿಲ್ಲದ, ಬೇರೆ ದೊಡ್ಡ ಕಾಯಿಲೆ ಇಲ್ಲದ, ಜೊತೆಗೆ ಜವಾಬ್ದಾರಿಯ ಒಬ್ಬರಿರುವವರಿಗೆ ಇದನ್ನು ಮನೆಯಲ್ಲೇ ಇದ್ದು ಮಾಡಲು ವೈದ್ಯರು ಒಪ್ಪಬಹುದು. ಆಗ ಮಾತ್ರೆಯ ಸ್ಟ್ರಿಪ್ ಮನೆಯವರ ಕೈಯಲ್ಲಿರಲಿ. ಮಾತ್ರೆಯ ಮೇಲೆ ಕುಡಿದರೆ ಉಸಿರಿಗೇ ತೊಂದರೆ. ‘ಹೋದ ಸಲ ಬಿಟ್ಟಾಗ ಏನೂ ಆಗಲಿಲ್ಲ’ ಎಂಬ ಧೈರ್ಯ ಬೇಡ. ಬಿಟ್ಟು, ಹಿಡಿದು, ಮತ್ತೆ ಬಿಟ್ಟು ಮಾಡಿದಷ್ಟೂ ನಡುಕ, ಫಿಟ್ಸ್ ಜೋರಾಗುವ ಸಾಧ್ಯತೆ ಹೆಚ್ಚು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ನಮ್ಮಲ್ಲಿ ಸುಸ್ತಾದವರನ್ನು ಮೂಲೆಯ ಕ್ಲಿನಿಕ್ಕಿಗೆ ಕರೆದೊಯ್ದು ‘ಒಂದು ಗ್ಲೂಕೋಸ್ ಹಾಕಿಬಿಡಿ’ ಎನ್ನುವುದು ರೂಢಿ. ಊಟ ಬಿಟ್ಟು ಕುಡಿಯುವವರ ದೇಹದಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಆ ಸ್ಥಿತಿಯಲ್ಲಿ ಥಯಮಿನ್ ಇಲ್ಲದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಪೆಟ್ಟಾಗಬಹುದು. ಕಣ್ಣಿಗೆ ಎರಡೆರಡಾಗಿ ಕಾಣುವುದು, ನಡೆ ತಪ್ಪುವುದು, ಗಲಿಬಿಲಿ, ಕೊನೆಗೆ ನೆನಪೇ ಹೋಗುವುದು ಅದರ ಲಕ್ಷಣ. ಆದ್ದರಿಂದ ಎಲ್ಲೇ ಡ್ರಿಪ್ ಹಾಕಿಸಿದರೂ ‘ಇವರು ದಿನಾ ಕುಡೀತಾರೆ, ಬಿ1 ಇಂಜೆಕ್ಷನ್ ಕೊಟ್ರಾ?’ ಎಂದು ಕೇಳಿ. ಸಂಕೋಚ ಬೇಡ.

ರಾತ್ರಿ ಭ್ರಮೆಯಲ್ಲಿ ಮಾತಾಡಲು ಶುರು ಮಾಡಿದರೆ ವಾದಕ್ಕೆ ಇಳಿಯಬೇಡಿ. ದೀಪ ಹಾಕಿ, ಹೆಸರು ಹಿಡಿದು ಕರೆದು, ಎಲ್ಲಿದ್ದಾರೆಂದು ಮೆಲ್ಲಗೆ ಹೇಳುತ್ತಿರಿ. ಒಬ್ಬರು ಹೀಗೆ ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಫಿಟ್ಸ್ ಬಂದರೂ ಅಷ್ಟೇ: ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಹಿಡಿಸುವುದರಿಂದ ಏನೂ ಆಗುವುದಿಲ್ಲ.

ಗೊತ್ತಾಗದಂತೆ ಪುಡಿ ಬೆರೆಸಬಹುದಾ?

ಬೇಡವೇ ಬೇಡ. ‘ಅವರಿಗೆ ತಿಳಿಯದಂತೆ ಸಾರಲ್ಲಿ ಬೆರೆಸಿ ಕೊಡಿ’ ಎನ್ನುವ ಜಾಹೀರಾತು ಬಸ್‌ಸ್ಟ್ಯಾಂಡ್ ಗೋಡೆಯಿಂದ ಮೊಬೈಲ್‌ವರೆಗೆ ಎಲ್ಲ ಕಡೆ ಇದೆ. ಅದರಲ್ಲಿ ಏನಿದೆ ಎಂದು ಬರೆದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧ ನಿಜಕ್ಕೂ ಇದೆ. ಅದನ್ನು ನುಂಗಿ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿ.ಪಿ. ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಕುಡಿಯುವವರೇ ಒಪ್ಪಿ, ತಿಳಿದು, ಮನೆಯವರ ಕಣ್ಣೆದುರು ನುಂಗಿದಾಗ ಮಾತ್ರ ಅದು ಔಷಧ. ಕದ್ದು ಕೊಟ್ಟರೆ ವಿಷ. ಗಂಡನ ಕಾಟ ತಾಳಲಾರದೆ ಹೆಂಗಸರು ಈ ದಾರಿ ಹಿಡಿಯುತ್ತಾರೆ, ಅವರ ಸಂಕಟ ಅರ್ಥವಾಗುತ್ತದೆ. ಆದರೂ ಬೇಡ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ವೈದ್ಯರನ್ನು ಕೇಳಿ.

ಪುನರ್ವಸತಿ ಕೇಂದ್ರ ಆರಿಸುವಾಗ

ಡಿಟಾಕ್ಸ್ ಮುಗಿದರೆ ನಡುಕ ನಿಲ್ಲುತ್ತದೆ, ಕುಡಿಯುವ ಚಟ ನಿಲ್ಲುವುದಿಲ್ಲ. ವಾರದ ಚಿಕಿತ್ಸೆ ಮುಗಿಸಿ ‘ವಾಸಿಯಾಯ್ತು’ ಎಂದು ಮನೆಗೆ ಬಂದವರು ಆ ಶನಿವಾರದ ಬಟವಾಡೆಯ ಸಂಜೆಯೇ ಮತ್ತೆ ಹಿಡಿಯುವುದು ಇದೇ ಕಾರಣಕ್ಕೆ. ಹಾಗಾಗಿ ಆಪ್ತಸಮಾಲೋಚನೆ, ಗುಂಪು ಚರ್ಚೆ, ದಿನಚರಿ ಇರುವ ಕಡೆ ಕೆಲವು ವಾರ ಇದ್ದು ಬರುವುದು ಒಳ್ಳೆಯದು. ನಿಮ್ಹಾನ್ಸ್‌ನಂಥ ಕಡೆ ರೋಗಿಯ ಜೊತೆ ಮನೆಯವರೊಬ್ಬರು ಉಳಿಯಬೇಕಾಗುತ್ತದೆ. ಕೆಲಸಕ್ಕೆ ರಜೆ ಹಾಕುವುದು ಕಷ್ಟ ನಿಜ, ಆದರೆ ಮನೆಯವರೂ ಅಲ್ಲಿ ಕಲಿಯುವುದು ಬಹಳ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತಿರಬಹುದು. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಸೇರುತ್ತಾರೆ. ಹೀಗೆ ಸೇರುತ್ತಿರುವುದು ಶಿಬಿರದಷ್ಟೇ ಮುಖ್ಯ ಎಂದು ನನ್ನ ನಂಬಿಕೆ. ತುಂಬಾ ಕುಡಿಯುವವರು ಶಿಬಿರಕ್ಕೆ ಹೋಗುವ ಮುಂಚೆ ವೈದ್ಯರನ್ನು ಕಂಡೇ ಹೋಗಲಿ.

ಖಾಸಗಿ ಕೇಂದ್ರವಾದರೆ ದುಡ್ಡು ಕಟ್ಟುವ ಮುಂಚೆ ಒಳಗೆ ಹೋಗಿ ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ? ಮನೋವೈದ್ಯರು ಯಾವ ದಿನ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾರಿರುತ್ತಾರೆ? ನಾವು ಫೋನ್ ಮಾಡಬಹುದಾ, ಬಂದು ನೋಡಬಹುದಾ? ‘ಮೂರು ತಿಂಗಳು ಭೇಟಿ ಇಲ್ಲ’ ಎಂದರೆ ಅಲ್ಲಿಂದ ಹಾಗೇ ಹೊರಟುಬಿಡಿ. ಜೀಪು ತಂದು ನಾಲ್ವರು ಹೊತ್ತೊಯ್ಯುವ ಕೇಂದ್ರಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನಿಗಳಿಗೂ ಅನ್ವಯಿಸುತ್ತದೆ. ಸರಪಳಿ ಹಾಕುವುದು ಅಪರಾಧ. ತಾವೇ ಒಪ್ಪಿ ಸೇರಿದವರಿಗೆ ಹೊರಡುವ ಹಕ್ಕಿದೆ. ತೀವ್ರ ಸ್ಥಿತಿಯಲ್ಲಿ ಒಪ್ಪಿಗೆ ಇಲ್ಲದೆ ಸೇರಿಸಲು ಬೇರೆಯೇ ವಿಧಾನವಿದೆ: ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ಮೀರುವಂತಿಲ್ಲ.

ಮಾದಕ ವಸ್ತುಗಳ ಬಗ್ಗೆ ಎರಡು ಮಾತು. ಹೆರಾಯಿನ್ ಅಥವಾ ಅಮಲಿನ ನೋವಿನ ಮಾತ್ರೆ ಬಿಟ್ಟಾಗ ಮೈಕೈ ನೋವು, ಭೇದಿ, ನಿದ್ದೆಗೇಡು ಒಂದು ವಾರ ಹಿಂಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಆಮೇಲಿನದು. ಬಿಟ್ಟ ಮೇಲೆ ದೇಹಕ್ಕೆ ಹಳೇ ಪ್ರಮಾಣ ತಡೆಯುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅದಕ್ಕೇ ಬುಪ್ರೆನಾರ್ಫಿನ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುತ್ತಾರೆ, ‘ಒಂದು ಬಿಟ್ಟು ಇನ್ನೊಂದು ಹಿಡಿದ’ ಎಂದು ಅದನ್ನು ನಿಲ್ಲಿಸಬೇಡಿ. ನಿದ್ರೆ ಮಾತ್ರೆಯ ಚಟವನ್ನೂ ದಿಢೀರ್ ನಿಲ್ಲಿಸುವಂತಿಲ್ಲ, ಫಿಟ್ಸ್ ಬರುತ್ತದೆ. ಪೊಲೀಸರ ಭಯದಿಂದ ಮಗನನ್ನು ಬಚ್ಚಿಡುವವರಿಗೆ ಒಂದು ವಿಷಯ: ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ.

ಮನೆಗೆ ಬಂದ ಮೇಲೆ

ಮೊದಲ ಮೂರು ತಿಂಗಳು ಬಹಳ ನಾಜೂಕು. ಸಂಬಳದ ದುಡ್ಡು ಕೆಲವು ಕಾಲ ಮನೆಯವರ ಖಾತೆಗೆ ಬರಲಿ, ಅವರೇ ಒಪ್ಪಿ ಆ ಏರ್ಪಾಡು ಮಾಡಿಕೊಳ್ಳಲಿ. ಬಾರಿನ ಮುಂದಿನ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಬರಲಿ. ಸಂಜೆ ಆರಕ್ಕೇ ಹೊಟ್ಟೆ ತುಂಬಾ ಊಟ ಕೊಡಿ, ಹಸಿದ ಹೊಟ್ಟೆಗೆ ಆಸೆ ಬೇಗ ಹುಟ್ಟುತ್ತದೆ. ಹೊಸತೊಡಕು, ಜಾತ್ರೆ, ಮದುವೆಯ ಹಿಂದಿನ ರಾತ್ರಿ ಎಲ್ಲಿರಬೇಕು, ಜೊತೆಗೆ ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. ಆಸೆ ಬಂದಾಗ ಅದು ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಆ ಹೊತ್ತು ದಾಟಿಸಲು ಒಂದು ಫೋನ್ ನಂಬರ್ ಕೈಯಲ್ಲಿರಲಿ. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಸಭೆ ಇದೆ, ಹೆಂಡತಿ, ತಾಯಿ ಅಲ್ಲಿಗೆ ಹೋಗಿ ತಮ್ಮ ಭಾರ ಇಳಿಸಿಕೊಳ್ಳಬಹುದು. ಹೊಡೆತ ತಿನ್ನುತ್ತಾ ಕಾಯಬೇಕೆಂದಿಲ್ಲ. ಹಿಂಸೆ ಇದ್ದರೆ 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ.

ಮತ್ತೆ ಕುಡಿದರೆ? ಬಹಳ ಜನ ಒಮ್ಮೆಯಾದರೂ ಜಾರುತ್ತಾರೆ. ಬ್ಯಾಗು ಹೊರಗೆಸೆಯುವ ಬದಲು ಮಾರನೇ ದಿನವೇ ಆಸ್ಪತ್ರೆಗೆ ಫೋನ್ ಮಾಡಿ, ಯಾವಾಗ, ಎಷ್ಟು, ಯಾರ ಜೊತೆ ಎಂದು ಹೇಳಿ. ಒಂದು ದಿನದ ಕುಡಿತಕ್ಕೂ ಮತ್ತೆ ಹದಿನೈದು ದಿನ ಸತತ ಕುಡಿದದ್ದಕ್ಕೂ ಚಿಕಿತ್ಸೆ ಬೇರೆ. ಎರಡನೆಯದಾದರೆ ಮನೆಯಲ್ಲಿ ದಿಢೀರ್ ನಿಲ್ಲಿಸದೆ, ಅದೇ ಲೆಕ್ಕದ ಚೀಟಿ ಹೊಸದಾಗಿ ಬರೆದುಕೊಂಡು ವೈದ್ಯರ ಬಳಿ ಹೊರಡಿ.