ಶೇಷ ಬರೆದಿಟ್ಟರೆ ಆವರ್ತ ಸಿಕ್ಕುತ್ತದೆ

5/17 ಅನ್ನು ದಶಮಾಂಶಕ್ಕೆ ತಿರುಗಿಸಿ, ಆವರ್ತವಾಗುವ, ಅಂದರೆ ಮತ್ತೆ ಮತ್ತೆ ಮರಳಿ ಬರುವ, ಭಾಗದ ಮೇಲೆ ಗೆರೆ ಎಳೆಯಬೇಕಿತ್ತು. ಮಗಳ ಮನೆಗೆಲಸದ ಲೆಕ್ಕ. ಮೊಬೈಲಿನ ಕ್ಯಾಲ್ಕುಲೇಟರ್ 0.2941176471 ಎಂದು ತೋರಿಸಿ ಸುಮ್ಮನಾಯಿತು. ಅದರ ಕೊನೆಯ ಅಂಕಿಯನ್ನಂತೂ ನಂಬುವಂತಿಲ್ಲ, ಅದು ಅಂದಾಜಿಗೆ ಸರಿಹೊಂದಿಸಿದ್ದು.

ಕಾಗದದ ಮೇಲೆ ಭಾಗಾಕಾರಕ್ಕೆ ಕುಳಿತೆವು. ಭಾಗಲಬ್ಧದ ಅಂಕಿಗಳನ್ನು ದಿಟ್ಟಿಸುವುದನ್ನು ಬಿಟ್ಟು, ಪಕ್ಕದಲ್ಲಿ ಶೇಷಗಳನ್ನು ಸಾಲಾಗಿ ಬರೆಯುತ್ತ ಹೋದೆವು: 16, 7, 2, 3, 13… 17ರಿಂದ ಭಾಗಿಸುವಾಗ ಸೊನ್ನೆಯಲ್ಲದ ಶೇಷಗಳು ಹದಿನಾರೇ ಇರುವುದರಿಂದ ಒಂದಲ್ಲ ಒಂದು ಮರಳಿ ಬರಲೇಬೇಕು. ಶೇಷ ಮರಳಿದರೆ ಅಲ್ಲಿಂದ ಅಂಕಿಗಳೂ ಅದೇ ಕ್ರಮದಲ್ಲಿ ಮರಳುತ್ತವೆ. ಹದಿನಾರನೆಯ ಹೆಜ್ಜೆಯಲ್ಲಿ ಶೇಷ 5 ಬಂತು, ಅಂದರೆ ಹೊರಟ ಸಂಖ್ಯೆಯೇ. ಉತ್ತರ 0.2941176470588235, ಬಿಂದುವಿನ ನಂತರದ ಎಲ್ಲ ಅಂಕಿಗಳ ಮೇಲೂ ಗೆರೆ. ಹತ್ತು ಅಂಕಿ ತೋರಿಸುವ ಪರದೆಯಲ್ಲಿ ಇದು ಕಾಣುವುದಾದರೂ ಹೇಗೆ?

7/12ರ ಕಥೆ ಬೇರೆ. ಶೇಷಗಳು 10, 4, 4. ಆರಂಭದ 7 ಮರಳುವುದೇ ಇಲ್ಲ. ಹಾಗಾಗಿ 0.58333… ಎಂಬಲ್ಲಿ ಗೆರೆ 3ರ ಮೇಲಷ್ಟೇ.

21/56ಕ್ಕೆ ಇಷ್ಟು ಶ್ರಮವೇ ಬೇಡ. ಛೇದದಲ್ಲಿ 7 ಅಡಗಿದೆಯೆಂದು ಗಾಬರಿಯಾಗದೆ ಮೊದಲು ಸಂಕ್ಷೇಪಿಸಬೇಕು: 3/8. ಆಮೇಲೂ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಉಳಿಯದಿದ್ದರೆ ದಶಮಾಂಶ ಮುಗಿಯುತ್ತದೆ. ಇಲ್ಲಿ 0.375.