ನಿಮ್ಮ ದಾರಿಯ ಮೋರಿ ಪಂಚಾಯಿತಿ ಪಟ್ಟಿಗೆ ಸೇರಬೇಕಾ? ಜುಲೈನಲ್ಲೇ ಶುರು ಮಾಡಿ

ಕೊಡಗಿನಲ್ಲಿ ಯಾವ ಮೋರಿ ಕಟ್ಟಿಕೊಳ್ಳುತ್ತದೆ, ನೀರು ಎಲ್ಲಿ ರಸ್ತೆ ಮೇಲೆ ಹತ್ತುತ್ತದೆ ಎನ್ನುವುದು ಆ ದಾರಿಯಲ್ಲಿ ದಿನಾ ನಡೆಯುವವರಿಗೆಲ್ಲ ಗೊತ್ತು. ಆದರೆ ಇಂಜಿನಿಯರ್ ಬೇಸಿಗೆಯಲ್ಲಿ ಅಳತೆಗೆ ಬಂದರೆ ಕಾಣುವುದು ಒಣಗಿದ ಪೈಪು, ಬಾಯಲ್ಲಿ ಒಂದಿಷ್ಟು ಸಿಲ್ವರ್ ಓಕ್ ಎಲೆ, ಅಷ್ಟೇ. ಅದಕ್ಕೇ ಜೋರು ಮಳೆಯಲ್ಲೇ ಫೋಟೋ ತೆಗೆಯಿರಿ. ನೀರು ಎಷ್ಟು ಏರಿದೆ ಅಂತ ತಿಳಿಯಲು ಪಕ್ಕದಲ್ಲಿ ಒಂದು ಕೊಡೆ ನಿಲ್ಲಿಸಿ, ತಾರೀಖು ಬರೆದಿಡಿ. ಹಿಂದೆ ತೋಡು (ಸಣ್ಣ ಹಳ್ಳ) ಎಲ್ಲಿ ಹರಿಯುತ್ತಿತ್ತು ಅಂತ ಊರಿನ ಹಿರಿಯರನ್ನು ಕೇಳಿ.

ಆಮೇಲೆ ರಸ್ತೆ ಯಾರದು ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ವಿಚಾರಿಸಿ. ಲೋಕೋಪಯೋಗಿ ಇಲಾಖೆಯದಾದರೆ ಅರ್ಜಿ ಅಲ್ಲಿಗೇ ಹೋಗಬೇಕು.

ಪಂಚಾಯಿತಿ ರಸ್ತೆಯಾದರೆ ನಿಮ್ಮ ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆಯೇ ಬಾಗಿಲು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನ ವರ್ಷದ ಯೋಜನೆಯ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ, ಆ ಹೊತ್ತಿನ ಸಭೆ ಮಾತ್ರ ತಪ್ಪಿಸಬೇಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮಲ್ಲಿ ಮನೆಗಳು ತೋಟದ ನಡುವೆ ದೂರ ದೂರ ಇವೆ, ಪಂಚಾಯಿತಿ ಕಚೇರಿ ಗೋಡೆಗೆ ಅಂಟಿಸಿದ ನೋಟಿಸು ಯಾರಿಗೆ ಕಾಣಬೇಕು? ಆ ರಸ್ತೆಯಲ್ಲಿ ಜಾಸ್ತಿ ನಡೆಯುವವರು ತೋಟದ ಕಾರ್ಮಿಕರ ಲೈನ್ ಮನೆಯವರು, ಆದಿವಾಸಿ ಹಾಡಿಯವರು. ಕೆಲಸದ ದಿನ ಬೆಳಗ್ಗೆ ಸಭೆ ಇಟ್ಟರೆ ಅವರು ಬರಲು ಒಂದು ದಿನದ ಕೂಲಿ ಬಿಡಬೇಕಾಗುತ್ತದೆ. ಭಾನುವಾರವೋ ಸಂಜೆಯೋ ಇಡಿ ಅಂತ ಪಿಡಿಒಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನೀವೇ ಹೋಗಿ ಅವರನ್ನು ಕರೆಯಿರಿ.

ಸಭೆಯಲ್ಲಿ ಸುಮ್ನೆ "ರಸ್ತೆ ಸರಿ ಮಾಡಿ" ಅನ್ನಬೇಡಿ. ಯಾವ ತಿರುವು, ಎಷ್ಟು ಮನೆ, ಶಾಲೆಗೆ ಹೋಗುವ ಮಕ್ಕಳೆಷ್ಟು, ಪೈಪು ಎಷ್ಟು ಅಗಲ ಬೇಕು, ಎಲ್ಲ ಹೇಳಿ. ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಒಳಗೆ ಬಿಡುವುದು ಹಲವು ಕಡೆ ರೂಢಿ. ಹಾಜರಾತಿಗೆ ಸಹಿ ಹಾಕಿ, ಆದರೆ ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿಸಿಯೇ ಎದ್ದು ಬನ್ನಿ. ಅಲ್ಲಿ ಬರೆಯದ ಮಾತಿಗೆ ಮುಂದೆ ಆಧಾರವೇ ಇರುವುದಿಲ್ಲ, ಅಲ್ವಾ?

ಇಡೀ ಪಂಚಾಯಿತಿಯ ಮತದಾರರು ಸೇರುವ ಗ್ರಾಮ ಸಭೆಗೂ ಜನ ಸೇರಿಸಿ. ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಬೇಕು.

ಕ್ರಿಯಾಯೋಜನೆಯಲ್ಲಿ, ಅಂದರೆ ಪಂಚಾಯಿತಿಯ ವರ್ಷದ ಕೆಲಸಗಳ ಪಟ್ಟಿಯಲ್ಲಿ, ನಿಮ್ಮ ಮೋರಿ ಇಲ್ಲವೇ? ನಡಾವಳಿ ಮತ್ತು ಕ್ರಿಯಾಯೋಜನೆಯ ಪ್ರತಿ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಆ ಎರಡು ಪ್ರತಿ ಹಿಡಿದು ಮುಂದಿನ ಸಭೆಗೆ ಹೋಗಿ.